ರಿಯಾಯಿತಿಯೊಂದೇ ಸಾಲದು



ಸಣ್ಣ ಕೈಗಾರಿಕೆಗಳನ್ನು ತೆರಿಗೆ ರಿಯಾಯಿತಿ ಸೆಳೆಯುತ್ತದೆ ಎಂಬುದಕ್ಕೆ ಹಿಮಾಚಲದ ಬದ್ದಿ ಸಾಕ್ಷಿ. 2003ರಲ್ಲಿ ಕೇಂದ್ರವು ಅಲ್ಲಿನ ಹೊಸ ಘಟಕಗಳಿಗೆ 10 ವರ್ಷ ಎಕ್ಸೈಸ್ ಸುಂಕ ಮನ್ನಾ ಮಾಡಿತು. ಔಷಧ ತಯಾರಕರು ಸಾಲುಗಟ್ಟಿ ಬಂದರು.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಥೆ ಬೇರೆ: ಅಲ್ಲಿ ರಸ್ತೆ, ಗಿರಾಕಿ, ಅಕ್ಕಪಕ್ಕದ ಸೇವೆಗಳೂ ಲೆಕ್ಕಕ್ಕೆ ಬರುತ್ತವೆ.

2021ರ ಡಿಸೆಂಬರ್‌ನಲ್ಲಿ ಮುಚ್ಚಿದ ಅಲ್ಲಿನ ಮೇಲ್ಸೇತುವೆ ಭಾರೀ ವಾಹನಗಳಿಗೆ ಮತ್ತೆ ತೆರೆದದ್ದು 2024ರ ಜುಲೈನಲ್ಲಿ. ಲಾರಿ ನಿಂತಷ್ಟು ಹೊತ್ತೂ ಸಣ್ಣ ವರ್ಕ್‌ಶಾಪಿಗೆ ನೇರ ನಷ್ಟ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರಿನಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿವೆ; ಬಿಡಿಭಾಗ ಮಾಡುವವರಿಗೆ ಗಿರಾಕಿಯ ಬಾಗಿಲಲ್ಲೇ ಇರುವುದು ಲಾಭ. ಆದರೂ ಪೀಣ್ಯ ಬಿಡುವುದು ಸುಲಭವಲ್ಲ: ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್, ಡೈ ಕೆಲಸ ಪಕ್ಕದ ಬೀದಿಯಲ್ಲೇ ಸಿಗುವ ಜಾಗ ಅದು. ಹಾಗಾಗಿ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಸಣ್ಣವರು ಬರಬೇಕಾದರೆ ಸರ್ಕಾರ ನಿವೇಶನದ ಜೊತೆಗೇ ಈ ಸೇವೆಗಳನ್ನೂ, ಕಾರ್ಮಿಕರಿಗೆ ಬಸ್ಸು, ಬಾಡಿಗೆ ಮನೆಗಳನ್ನೂ ಒದಗಿಸಲಿ.

– ಒಬ್ಬ ಓದುಗ, ಬೆಂಗಳೂರು