ಒಂಬತ್ತು ಕ್ಲಬ್ಬುಗಳ ಒಂದು ಕಾಗದ

ಜಯನಗರದ ಮೈದಾನದಿಂದ ಮೊಮ್ಮಗ ಮುಖ ಊದಿಸಿಕೊಂಡು ಬಂದ. ಮೈಮೇಲೆ ಮ್ಯಾಂಚೆಸ್ಟರ್ ಸಿಟಿಯ ತಿಳಿನೀಲಿ ಜೆರ್ಸಿ. "ತಾತ, ನಮ್ಮ ಟೀಮು ದುಡ್ಡಿನಲ್ಲಿ ಮೋಸ ಮಾಡಿದೆ ಅಂತ ಎಲ್ಲರೂ ರೇಗಿಸ್ತಾರೆ. ದೂರು ಹೇಳೋರೆಲ್ಲ ನಮ್ಮ ಹತ್ರ ಸೋತೋರೇ ಅಲ್ವಾ?"

ಮಕ್ಕಳೇ, ಅವನ ಅನುಮಾನ ಪೂರ್ತಿ ಸುಳ್ಳಲ್ಲ. ಯುರೋಪಿನ ಕ್ಲಬ್ಬುಗಳು ಗಳಿಕೆ ಮೀರಿ ಮನಬಂದಂತೆ ಖರ್ಚು ಮಾಡುವಂತಿಲ್ಲ. ಮಾಲೀಕ ಎಷ್ಟೇ ಸಿರಿವಂತನಾದರೂ ಲೆಕ್ಕ ಒಪ್ಪಿಸಲೇಬೇಕು. ಪ್ರಾಯೋಜಕರ ಹಣದ ಲೆಕ್ಕ ಸರಿಯಿಲ್ಲವೆಂದು 2020ರ ಫೆಬ್ರವರಿಯಲ್ಲಿ ಯುಇಎಫ್‌ಎ ಸಂಸ್ಥೆ ಸಿಟಿಯನ್ನು ಎರಡು ವರ್ಷ ಯುರೋಪಿನ ಪಂದ್ಯಾವಳಿಗಳಿಂದ ಹೊರಗಿಟ್ಟಿತು. ಸಿಟಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದ ಮೆಟ್ಟಿಲೇರಿತು.

ಆಗ ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ ಒಂಬತ್ತು ಎದುರಾಳಿ ಕ್ಲಬ್ಬುಗಳು ಆ ನ್ಯಾಯಾಲಯಕ್ಕೆ ಕಾಗದ ಬರೆದವು: ತೀರ್ಪು ಬರುವತನಕ ಶಿಕ್ಷೆಗೆ ತಡೆ ಕೊಡಬೇಡಿ! ತಮಾಷೆಯೆಂದರೆ, ಸಿಟಿ ತಡೆಯನ್ನು ಕೇಳಿಯೇ ಇರಲಿಲ್ಲ. ಸಿಟಿ ಹೊರಗುಳಿದರೆ ಅದರ ಜಾಗ ಇನ್ನೊಬ್ಬರಿಗೆ ಸಿಗುತ್ತಿತ್ತು, ಆ ಆಸೆ ಇದ್ದೇ ಇತ್ತು. ಜುಲೈನಲ್ಲಿ ನಿಷೇಧ ರದ್ದಾಯಿತು. ಕೆಲವು ಆರೋಪಗಳಿಗೆ ಪುರಾವೆ ಸಾಲಲಿಲ್ಲ, ಕೆಲವಕ್ಕೆ ಅವಧಿ ಮೀರಿತ್ತು. ತನಿಖೆಗೆ ಸಹಕರಿಸಲಿಲ್ಲವೆಂದು 1 ಕೋಟಿ ಯೂರೋ ದಂಡ ಮಾತ್ರ ಉಳಿಯಿತು.

"ನೋಡಿದ್ಯಾ, ಬರೀ ಹೊಟ್ಟೆಕಿಚ್ಚು!" ಎಂದು ಕುಣಿದ. ತಾಳಪ್ಪ, ಬರ್ನ್ಲಿಯ ಕಥೆ ಕೇಳು ಎಂದೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಅದರ 20 ಕ್ಲಬ್ಬುಗಳೇ ಒಡೆಯರು. ನಿಯಮ ಬದಲಿಸಲು 14 ಮತ ಬೇಕು. ಅಂದರೆ ನಿಯಮ ಮಾಡುವವರೂ ಎದುರಾಳಿಗಳೇ, ಆದರೆ ತೀರ್ಪು ಕೊಡುವುದು ಸ್ವತಂತ್ರ ಆಯೋಗ. ಆಗ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ವರೆಗಿನ ನಷ್ಟಕ್ಕೆ ಮಾತ್ರ ಅವಕಾಶವಿತ್ತು. 2021–22ರವರೆಗಿನ ಲೆಕ್ಕದಲ್ಲಿ ಎವರ್ಟನ್ ಅದನ್ನು 1.95 ಕೋಟಿ ಪೌಂಡ್ ಮೀರಿತ್ತು. ಆ ವರ್ಷ ಎವರ್ಟನ್‌ಗೆ 39 ಪಾಯಿಂಟ್, ಬರ್ನ್ಲಿಗೆ 35. ಬರ್ನ್ಲಿ ಕೆಳಗಿನ ದರ್ಜೆಗೆ ಬಿತ್ತು.

ಆಯೋಗ ಎವರ್ಟನ್‌ನ 10 ಪಾಯಿಂಟ್ ಕಡಿತ ಮಾಡಿದ್ದು 2023ರ ನವೆಂಬರ್‌ನಲ್ಲಿ. ಮೇಲ್ಮನವಿಯಲ್ಲಿ ಅದು 6ಕ್ಕಿಳಿಯಿತು. ಕಡಿತವಾದದ್ದು 2023–24ರ ಪಟ್ಟಿಯಿಂದ. ಬರ್ನ್ಲಿ ಪರಿಹಾರ ಕೇಳಿತು. ಅದನ್ನೂ ಹೊಟ್ಟೆಕಿಚ್ಚು ಅನ್ನಲು ನನಗಂತೂ ಮನಸ್ಸು ಬಾರದು.

ಮೊಮ್ಮಗ ಬೆರಳು ಮಡಿಸಿ ಎಣಿಸಿದ. "39ರಲ್ಲಿ 6 ಹೋದ್ರೆ 33. ಆಗಲೇ ಕಡಿದಿದ್ರೆ ಬರ್ನ್ಲಿ ಉಳೀತಿತ್ತು, ತಾತ!"