ದ್ರಾಕ್ಷಿತೋಟದವರು ಕಲಿಸಿದ ಪಾಠ

ಸಂಘಟನೆ ಕೂಲಿಯವರಿಗೆ ಮಾತ್ರ, ಸ್ವಂತ ಆಸ್ತಿಯುಳ್ಳವನಿಗೆ ಅದೇಕೆ ಎಂಬ ಭ್ರಮೆ ನಮ್ಮ ಅಂಗಡಿಕಾರ ಬಂಧುಗಳಲ್ಲಿ ಇನ್ನೂ ಇದೆ. ಅಂಥವರು ದಕ್ಷಿಣ ಫ್ರಾನ್ಸಿನ ಸಣ್ಣ ದ್ರಾಕ್ಷಿತೋಟಗಳ ಚರಿತ್ರೆಯನ್ನು ಕೇಳಬೇಕು.

ಅಲ್ಲಿನ ಲಾಂಗ್ದಾಕ್ ಪ್ರಾಂತದಲ್ಲಿ ತುಂಡು ತೋಟ ಇಟ್ಟುಕೊಂಡು, ಮನೆಮಂದಿಯೆಲ್ಲ ದುಡಿದು ವೈನು ಮಾಡುತ್ತಿದ್ದ ಕುಟುಂಬಗಳು ಸಾವಿರಾರು. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಬೇರಿಗೆ ಬಿದ್ದು ತೋಟಗಳನ್ನು ಒಣಗಿಸಿತು. ಸಾಲ ಮಾಡಿ, ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿ ಮತ್ತೆ ಬೆಳೆದರು. ಬೆಳೆ ಬಂತು, ಬೆಲೆ ಹೋಯಿತು! ಸಕ್ಕರೆ ನೀರಿನ ಕಲಬೆರಕೆ ಮಾಲು ಪೇಟೆಗೆ ನುಗ್ಗಿತ್ತು. 1907ರ ಜೂನ್ 9ರಂದು ಮೊಂಪೆಲಿಯೆ ನಗರದಲ್ಲಿ 5 ಲಕ್ಷಕ್ಕೂ ಮಿಕ್ಕಿ ಜನ ನೆರೆದರು. ಕ್ಲೆಮಾನ್ಸೊ ಸರ್ಕಾರ ಸೈನ್ಯ ಕಳಿಸಿತು. ನಾರ್ಬೋನ್ ಪಟ್ಟಣದಲ್ಲಿ ಗುಂಡಿಗೆ ಜನ ಬಲಿಯಾದರು. ಆ ಸೀಮೆಯ ಹುಡುಗರೇ ತುಂಬಿದ್ದ 17ನೆಯ ಕಾಲ್ದಳ ದಂಗೆಯೆದ್ದಿತು. ತಿಂಗಳು ಮುಗಿಯುವುದರೊಳಗೆ ಕಲಬೆರಕೆಯ ವಿರುದ್ಧ ಕಾನೂನು ಬಂತು.

ಕಾನೂನಿಗಿಂತ ದೊಡ್ಡದು ಅದೇ ಪ್ರಾಂತದ ಮರೊಸಾಂ ಗ್ರಾಮದ ಪಾಠ. 1901ರಲ್ಲೇ ಅಲ್ಲಿನ ಸಣ್ಣ ತೋಟಗಾರರು ಸಹಕಾರ ಸಂಘ ಕಟ್ಟಿದರು. ದಲ್ಲಾಳಿಯನ್ನು ಬದಿಗಿಟ್ಟು ಪ್ಯಾರಿಸ್ಸಿನ ಕಾರ್ಮಿಕರ ಸಹಕಾರ ಸಂಘಗಳಿಗೆ ನೇರವಾಗಿ ಮಾರಿದರು. ಸಮಾಜವಾದಿ ನಾಯಕ ಜ್ಯಾಂ ಜೋರೆಸ್ 1905ರಲ್ಲಿ ಅಲ್ಲಿಗೇ ಹೋಗಿ ನೋಡಿದರು.

ಕುಡಿತದ ಕೆಡುಕು ಬೇರೆ ಚರ್ಚೆ. ಇಲ್ಲಿನ ಪ್ರಶ್ನೆ ನಡುವೆ ನಿಂತು ಸುಲಿಯುವವನದು. ಗಿರಣಿಯವನ ಸಂಬಳ ಕರಗುವುದು ಸಣ್ಣ ಅಂಗಡಿಯಲ್ಲಿ. ಇಬ್ಬರನ್ನೂ ಹಿಂಡುವವನು ಸಗಟು ದಾಸ್ತಾನುಗಾರ. ಸಣ್ಣ ಅಂಗಡಿಕಾರರು ಒಟ್ಟುಗೂಡಿ ರೈತನಿಂದಲೇ ಮಾಲು ತರಲಿ, ಕಾರ್ಮಿಕರು ಅವರಲ್ಲೇ ಕೊಳ್ಳಲಿ. ಒಂಟಿಯಾಗಿ ನಿಂತವನ ಒಡೆತನ ಬರಿಯ ಹೆಸರಿನದು.