ಮನೆಯಲ್ಲಿ ಹೊಲಿದ ಅಂಗಿ

ಅನ್ನ, ವಸ್ತ್ರ, ವಸತಿ ಎಂಬ ಮೂರೂ ಮನುಷ್ಯನಿಗೆ ಅನಿವಾರ್ಯವೆಂದು ನಾವು ಕೆಳಗಿನ ತರಗತಿಗಳಿಂದಲೇ ಓದುತ್ತ ಬಂದಿದ್ದೇವೆ. ಇವುಗಳಲ್ಲಿ ಅನ್ನವು ಈ ಮಹಾನಗರದಲ್ಲಿಯೂ ಬಹುಮಟ್ಟಿಗೆ ಮನೆಯಲ್ಲಿಯೇ ಸಿದ್ಧವಾಗುತ್ತದೆ. ಅಕ್ಕಿಯು ಬೇಯುವುದನ್ನು ಕಾಣದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ. ವಸ್ತ್ರದ ಮಾತು ಹಾಗಲ್ಲ. ಅದು ಚೀಲದಲ್ಲಿ ಮಡಿಸಿಟ್ಟ ಸ್ಥಿತಿಯಲ್ಲಿ ಅಂಗಡಿಯಿಂದ ಬರುತ್ತದೆ. ಒಂದು ಗುಂಡಿ ಬಿದ್ದುಹೋದೊಡನೆ ಮೂಲೆಯನ್ನು ಸೇರುತ್ತದೆ. ಅದು ಹೇಗೆ ಹುಟ್ಟಿತೆಂಬುದನ್ನು ನಾವು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ವಿದ್ಯಾರ್ಥಿ ಮಿತ್ರರೇ, ನಮ್ಮ ಬಟ್ಟೆಗಳಲ್ಲಿ ಕೆಲವನ್ನಾದರೂ ನಮ್ಮ ಮನೆಯಲ್ಲಿ, ನಮ್ಮ ಕೈಯಿಂದಲೇ ಹೊಲಿದುಕೊಳ್ಳುವುದು ಇಂದಿಗೂ ಅಗತ್ಯವೆಂಬುದು ನನ್ನ ಅಭಿಪ್ರಾಯ. ಅದನ್ನು ನಿಮ್ಮ ಮುಂದಿಟ್ಟು, ಅದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ವಿಚಾರಿಸಬೇಕೆಂದಿದ್ದೇನೆ.

ಕನ್ನಡಿಗರಿಗೆ ಇದು ಹೊಸ ವಿಷಯವಲ್ಲ. ವಿಜಾಪುರ, ಬಾಗಲಕೋಟೆ, ಧಾರವಾಡಗಳ ಕಡೆಯ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಸಾಲುಹೊಲಿಗೆಯಿಂದ ಬಿಗಿದು ಕೌದಿಯನ್ನು ಸಿದ್ಧಪಡಿಸುವುದು ತಲೆಮಾರುಗಳಿಂದ ಬಂದ ರೂಢಿ. ತೊಟ್ಟಿಲ ಕೂಸಿಗೆ ಅಜ್ಜಿಯೇ ಕುಂಚಿಗೆಯನ್ನು ಹೊಲಿಯುವುದುಂಟು. ಗುಳೇದಗುಡ್ಡದ ಖಣವು ಅಲ್ಲಿ ಕುಬಸವಾದರೆ ಇಲ್ಲಿ ಮಹಾರಾಷ್ಟ್ರದಲ್ಲಿ ಚೋಳಿಯಾಗುತ್ತದೆ. ಎರಡು ಭಾಷೆಗಳ ಹೆಣ್ಣುಮಕ್ಕಳ ಸೂಜಿಗಳು ಒಂದೇ ಬಟ್ಟೆಯ ಮೇಲೆ ಓಡಾಡಿವೆ. ಇನ್ನೂ ಹಿಂದೆ ಹೋದರೆ, ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನೊಬ್ಬನಿದ್ದಾನೆ. ಸೂಜಿಯ ಕಾಯಕವನ್ನು ಹೆಸರಿನಲ್ಲಿಯೇ ಧರಿಸಿದ ಈತನು ಗಂಡಸೆಂಬುದನ್ನು ನಮ್ಮ ಹುಡುಗರು ವಿಶೇಷವಾಗಿ ಲಕ್ಷಿಸಬೇಕು.

ಕೈಹೊಲಿಗೆಯ ದಣಿವನ್ನು ಯಂತ್ರವು ಕಡಿಮೆಮಾಡಿತು. ಅಮೇರಿಕೆಯಲ್ಲಿ ಎಲಿಯಾಸ್ ಹೋವ್ ೧೮೪೬ರಲ್ಲಿಯೂ ಐಸಾಕ್ ಸಿಂಗರ್ ೧೮೫೧ರಲ್ಲಿಯೂ ತಮ್ಮ ಹೊಲಿಗೆಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಯಂತ್ರಗಳ ವಿಷಯದಲ್ಲಿ ಅಷ್ಟೊಂದು ಶಂಕೆಯುಳ್ಳವರಾಗಿದ್ದ ಮಹಾತ್ಮಾ ಗಾಂಧಿಯವರು ಕೂಡ ೧೯೨೪ರಲ್ಲಿ ಈ ಪ್ರಶ್ನೆ ಎದ್ದಾಗ ಸಿಂಗರ್ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಮನೆಯಲ್ಲಿ ದುಡಿಯುವ ಒಬ್ಬ ವ್ಯಕ್ತಿಯ ಶ್ರಮವನ್ನು ಹಗುರಗೊಳಿಸುವ ಸಾಧನದಲ್ಲಿ ಅವರಿಗೆ ದೋಷ ಕಾಣಲಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು ಹಣದ್ದು. “ಸಿದ್ಧ ಉಡುಪೇ ಅಗ್ಗವಾಗಿರುವಾಗ ಹೊಲಿಯುವುದೇಕೆ?” ಎಂದು ನೀವು ಕೇಳಬಹುದು. ಈ ಮಾತನ್ನು ತಳ್ಳಿಹಾಕಲಾಗದು. ದೊಡ್ಡವರ ಒಂದು ಅಂಗಿಗೆ ಎರಡು ಮೀಟರಿನಷ್ಟು ಬಟ್ಟೆ ಬೇಕು. ನೂಲು, ಗುಂಡಿ, ಕಾಲರಿನ ಒಳಪಟ್ಟಿ ಬೇರೆ. ಇವೆಲ್ಲದರ ಬೆಲೆಗಿಂತ ಕಡಿಮೆಗೆ ಕೆಲವೊಮ್ಮೆ ರಸ್ತೆಯ ಬದಿಯಲ್ಲಿ ಹೊಲಿದ ಅಂಗಿಯೇ ದೊರೆಯುತ್ತದೆ. ಆದರೆ ಬಟ್ಟೆಯ ಬೆಲೆಗಿಂತ ಅಂಗಿಯ ಬೆಲೆ ಕಡಿಮೆಯಾಗುವುದು ಹೇಗೆ? ಮೆತ್ತನೆಯ ಬಟ್ಟೆಯನ್ನು ಹಿಡಿದು, ತಿರುಗಿಸಿ, ಸೂಜಿಯ ಕೆಳಗೆ ಸರಿಸುವ ಕೆಲಸವನ್ನು ಇಂದಿಗೂ ಬಹುಪಾಲು ಮನುಷ್ಯರ ಕೈಗಳೇ ಮಾಡುತ್ತಿವೆ. ಕಾರ್ಖಾನೆಯಲ್ಲಿ ಒಬ್ಬಳು ದಿನವಿಡೀ ಕಾಲರನ್ನು, ಮತ್ತೊಬ್ಬಳು ದಿನವಿಡೀ ತೋಳನ್ನು ಹೊಲಿಯುತ್ತಾಳೆ. ಸಗಟು ಖರೀದಿಯಿಂದಲೂ ಕೆಲಸದ ವೇಗದಿಂದಲೂ ಒಂದಿಷ್ಟು ಉಳಿತಾಯವಾಗುವುದು ನಿಜ. ಉಳಿದ ಅಗ್ಗವು ಬಹಳ ಸಲ ಆ ಕೈಗಳ ಕೂಲಿಯಿಂದಲೂ ಕ್ಷೇಮದಿಂದಲೂ ಕಡಿದದ್ದು.

ಇದು ಬರಿಯ ತರ್ಕವಲ್ಲ. ಬಾಂಗ್ಲಾದೇಶದ ಢಾಕಾ ನಗರದ ಬಳಿಯ ಸಾವಾರಿನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. ಅದರಲ್ಲಿ ಹಲವು ಉಡುಪಿನ ಕಾರ್ಖಾನೆಗಳು ನಡೆಯುತ್ತಿದ್ದವು. ಗೋಡೆಗಳಲ್ಲಿ ಬಿರುಕು ಕಂಡ ಮರುದಿನವೂ ಕೆಲಸಗಾರರನ್ನು ಒಳಗೆ ಕರೆಯಲಾಯಿತು. ೨೦೧೩ರ ಏಪ್ರಿಲ್ ೨೪ರಂದು ಕಟ್ಟಡವು ಕುಸಿದು ೧,೧೦೦ಕ್ಕೂ ಹೆಚ್ಚು ಜನರು ಸತ್ತರು. ಅವರು ಹೊಲಿಯುತ್ತಿದ್ದುದು ದೂರದೇಶಗಳ ಅಂಗಡಿಗಳಿಗೆ ಹೋಗುವ ಅಗ್ಗದ ಉಡುಪುಗಳನ್ನು.

ಮುಂಬಯಿಯ ಮಕ್ಕಳಿಗೆ ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಈ ನಗರವನ್ನು ಬೆಳೆಸಿದ್ದೇ ಬಟ್ಟೆ. ಕಾವಸಜಿ ದಾವರ್ ಅವರು ೧೮೫೪ರಲ್ಲಿ ಇಲ್ಲಿ ಮೊದಲ ಹತ್ತಿಯ ಗಿರಣಿಯ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಪರೇಲ್, ಲಾಲಬಾಗ್‌ಗಳ ಸುತ್ತ ಗಿರಣಗಾಂವ್ ಬೆಳೆಯಿತು. ೧೯೮೨ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ೨,೫೦,೦೦೦ ಕಾರ್ಮಿಕರು ಮುಷ್ಕರ ಹೂಡಿದರು. ಅನಂತರ ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ತಿರುಗಲೇ ಇಲ್ಲ. ಇಂದು ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದ ಮೇಲೆ ಥಳಥಳಿಸುವ ಅಂಗಡಿಗಳಲ್ಲಿ ಸಿದ್ಧ ಉಡುಪುಗಳು ತೂಗುತ್ತಿವೆ. ಬಟ್ಟೆಯನ್ನು ಮಾಡಿದವರ ಸ್ಥಳದಲ್ಲಿಯೇ, ಮಾಡಿದವರು ಯಾರೆಂದು ಅರಿಯದೆ ನಾವು ಬಟ್ಟೆ ಕೊಳ್ಳುತ್ತಿದ್ದೇವೆ.

ಸೂಜಿಯನ್ನು ಹಿಡಿದವನಿಗೆ ಈ ಮರೆವು ಸುಲಭವಲ್ಲ. ಒಮ್ಮೆ ಕಾಲರನ್ನು ಹೊಲಿದು ನೋಡಿರಿ. ಎರಡು ತುದಿಗಳು ಸಮನಾಗಿ ನಿಲ್ಲಬೇಕಾದರೆ ಎಷ್ಟು ತಾಳ್ಮೆ ಬೇಕೆಂಬುದು ಬೆರಳುಗಳಿಗೆ ತಿಳಿಯುತ್ತದೆ. ಅಂದಿನಿಂದ ನೀವು ಅಂಗಡಿಯಲ್ಲಿ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆಯನ್ನು ಪರೀಕ್ಷಿಸುವಿರಿ. ದರ್ಜಿಯು ಕೇಳಿದ ಕೂಲಿಗೆ ಮುಖ ಸಿಂಡರಿಸಲಾರಿರಿ. ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆದು ಕುಗ್ಗಿಸಿಕೊಳ್ಳಬೇಕು. ಹಾಸಿನ ಎಳೆಗಳು ಅಂಗಿಯ ಉದ್ದಕ್ಕೆ ಬರುವಂತೆ ಹರಡಬೇಕು. ಹೊಲಿಗೆಯ ಆಚೆಗೆ ಒಂದೂವರೆ ಸೆಂಟಿಮೀಟರಿನಷ್ಟು ಬಟ್ಟೆ ಬಿಡಬೇಕು. ಇವೆಲ್ಲ ಚಿಕ್ಕ ಸಂಗತಿಗಳು; ಆದರೆ ಅಂಗಿಯ ಆಯುಷ್ಯವು ಇವುಗಳಲ್ಲಿಯೇ ಅಡಗಿದೆ.

ಬೆಳೆಯುವ ಮಕ್ಕಳ ವಿಷಯದಲ್ಲಂತೂ ಮನೆಯ ಹೊಲಿಗೆಗೆ ಸಾಟಿಯಿಲ್ಲ. ಅಂಗಡಿಯ ಉಡುಪಿನಲ್ಲಿ ಒಳಮಡಿಕೆಗೆ ಬೆರಳಗಲದಷ್ಟು ಬಟ್ಟೆಯಿದ್ದರೆ ಹೆಚ್ಚು. ಮನೆಯಲ್ಲಿ ಹೊಲಿಯುವವರು ತಂಗಿಯ ಲಂಗಕ್ಕೆ ಆರೇಳು ಸೆಂಟಿಮೀಟರಿನ ಮಡಿಕೆ ಇಡಬಲ್ಲರು. ಮಗು ಬೆಳೆದಂತೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮೊದಲ ದಿನವೇ ಮುಂದಿನ ವರ್ಷದ ಎತ್ತರವನ್ನು ಎಣಿಸಿ ಬಟ್ಟೆ ಬಿಡುವ ಆ ದೂರದೃಷ್ಟಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಎರಡನೆಯ ಆಕ್ಷೇಪವು ಮೊದಲನೆಯದಕ್ಕಿಂತ ಗಂಭೀರವಾದುದು. ಅಡುಗೆ, ಮಕ್ಕಳು, ಹಲವು ಮನೆಗಳಲ್ಲಿ ಹೊರಗಿನ ಉದ್ಯೋಗ, ಇಷ್ಟನ್ನೂ ಹೊತ್ತ ತಾಯಿಯ ಹೆಗಲಿಗೆ ಹೊಲಿಗೆಯನ್ನೂ ಹೇರುವುದು ನ್ಯಾಯವೇ? ಖಂಡಿತ ನ್ಯಾಯವಲ್ಲ. ಮನೆಯ ಹೊಲಿಗೆಯೆಂದರೆ ತಾಯಿಗೆ ಇನ್ನೊಂದು ಹೊರೆಯೆಂದೇ ಅರ್ಥವಾಗುವುದಾದರೆ ನಾನು ಸಿದ್ಧ ಉಡುಪಿನ ಪಕ್ಷವನ್ನೇ ವಹಿಸುವೆನು. ಆದುದರಿಂದಲೇ ಈ ಲೇಖನವು ತಾಯಂದಿರಿಗಲ್ಲದೆ ನಿಮಗೆ ಉದ್ದೇಶಿತವಾಗಿದೆ. ಹುಡುಗಿಯರಿಗೆ ಎಷ್ಟೋ ಹುಡುಗರಿಗೂ ಅಷ್ಟೇ. ಪೇಟೆಯ ಹೊಲಿಗೆಯಂಗಡಿಗಳಲ್ಲಿ ಯಂತ್ರದ ಮುಂದೆ ಗಂಡಸರು ಕುಳಿತಿರುವುದನ್ನು ನೀವು ನಿತ್ಯವೂ ಕಾಣುತ್ತೀರಿ. ಕೂಲಿ ದೊರೆಯುವಲ್ಲಿ ಪುರುಷನಿಗೆ ಒಪ್ಪುವ ಕೆಲಸವು ಕೂಲಿ ದೊರೆಯದ ಮನೆಯೊಳಗೆ ಬಂದೊಡನೆ ಹೆಣ್ಣಿನ ಕೆಲಸವಾಗುವುದೇಕೆ? ಈ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲ. ಏಕೆಂದರೆ ಆ ವಿಭಾಗವೇ ಸರಿಯಲ್ಲ.

ಮೂರನೆಯದಾಗಿ, ಚಾಳಿನ ಒಂದು ಕೋಣೆಯಲ್ಲಿ ಯಂತ್ರಕ್ಕೆ ಸ್ಥಳವೆಲ್ಲಿ, ಅಭ್ಯಾಸದ ನಡುವೆ ಸಮಯವೆಲ್ಲಿ ಎನ್ನಬಹುದು. ಯಂತ್ರವೇ ಬೇಕೆಂದಿಲ್ಲ. ಒಂದು ಸೂಜಿ, ನೂಲಿನ ಉಂಡೆ, ಕತ್ತರಿ, ಅಳತೆಯ ಪಟ್ಟಿ, ಇವು ಒಂದು ಡಬ್ಬಿಯಲ್ಲಿ ಅಡಗುತ್ತವೆ. ಪ್ರತಿ ಹೆಜ್ಜೆಗೂ ಸೂಜಿಯನ್ನು ಅರ್ಧ ಹಿಂದಕ್ಕೆ ತಂದು ಮುಂದೆ ಸಾಗುವ ಹಿಮ್ಮುಖ ಹೊಲಿಗೆಯು ಚೀಲದ ಭಾರವನ್ನೂ ತಾಳುವಷ್ಟು ಬಲವಾದುದು. ಮೊದಲು ಗುಂಡಿ ಹಚ್ಚಲು ಕಲಿಯಿರಿ; ಅನಂತರ ಬಿಚ್ಚಿದ ಅಂಚು, ಹರಿದ ಜೇಬು; ಆಮೇಲೆ ತಲೆದಿಂಬಿನ ಚೀಲ, ಕೈಚೀಲ; ಕೊನೆಗೆ ತಮ್ಮನಿಗೊಂದು ಚಡ್ಡಿ ಅಥವಾ ನಿಮಗೇ ಒಂದು ಪಾಯಿಜಾಮ. ಎಲ್ಲ ಬಟ್ಟೆಗಳನ್ನೂ ಮನೆಯಲ್ಲಿಯೇ ಹೊಲಿಯಬೇಕೆಂದು ಯಾರೂ ಹೇಳಲಾರರು. ದರ್ಜಿಗೂ ಅಂಗಡಿಗೂ ಅವರವರ ಸ್ಥಾನವಿದ್ದೇ ಇರುತ್ತದೆ.

ನಾಳೆ ನೀವು ಗೃಹಸ್ಥರಾಗುವಿರಿ, ನಿಮ್ಮ ಮಕ್ಕಳಿಗೆ ಬಟ್ಟೆ ತೊಡಿಸುವಿರಿ. ಆಗ ಅವರು “ಇದನ್ನು ಯಾರು ಮಾಡಿದರು?” ಎಂದು ಕೇಳಿದರೆ ಅಂಗಡಿಯ ಹೆಸರನ್ನಷ್ಟೇ ಹೇಳುವ ತಂದೆತಾಯಿಗಳು ನೀವಾಗಬಾರದು. ಈ ಬೇಸಿಗೆಯ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ವಸ್ತುವನ್ನು ಹೊಲಿದು ಉಪಯೋಗಕ್ಕೆ ತನ್ನಿರಿ. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಿರಿ. ಬಟ್ಟೆಯು ಅದನ್ನು ಸಹಿಸಿಕೊಳ್ಳುತ್ತದೆ.